ಸುವೈಲಿಮನ ಮುಖದ ಮೇಲೆ ಮುಚ್ಚಿದ ಬೆಟ್ಟ

ಉಮ್ ಲೌಜ್ ಬೆಟ್ಟಕ್ಕೆ ದಾರಿ ಇಲ್ಲ. ಸೀನಾಯ್‌ನಲ್ಲಿ ನಮ್ಮ ಕಡೆಯ ಉಳಿದ ಬೆಟ್ಟಗಳಿಗೆ ಒಂಟೆ ಹೋಗುವ ದಾರಿಯೋ ಕತ್ತೆ ಹೋಗುವ ದಾರಿಯೋ, ಕೊನೆಗೆ ಕಲ್ಲಿನ ಮೇಲೆ ಕಲ್ಲಿಟ್ಟ ಗುರುತಾದರೂ ಇರುತ್ತದೆ. ಇದಕ್ಕೆ ಅದೂ ಇಲ್ಲ. ಬುಡದಲ್ಲಿ ಕಾಲಿಟ್ಟರೆ ಜಾರುವ ಪುಡಿಗಲ್ಲು, ಅದರ ಮೇಲೆ ಗುಡಾರದಷ್ಟು ದೊಡ್ಡ ಗುಂಡುಕಲ್ಲುಗಳು, ಅವನ್ನು ದಾಟಿದರೆ ಗೋಡೆಯಂತೆ ನಿಂತ ಕೆಂಪು ಬಂಡೆ. ಬಂಡೆಯಾಚೆ, ತುದಿಗೆ ಸ್ವಲ್ಪ ಕೆಳಗೆ, ಒಂದು ತಗ್ಗಿದೆ. ಮಳೆ ಬಂದ ವರ್ಷ ಅಲ್ಲಿ ಮೇವು ಚೆನ್ನಾಗಿ ಬರುತ್ತದೆ. ಬಿರುಕಿನಲ್ಲಿ ಬೇರು ಬಿಟ್ಟ ಒಂದು ಬಾದಾಮಿ ಮರವೂ ಇದೆ. ಬೆಟ್ಟದ ಹೆಸರು ಅದರಿಂದಲೇ ಬಂದದ್ದು. ಆಡುಗಳು ಹೇಗೋ ಅಲ್ಲಿಗೆ ಹತ್ತುತ್ತವೆ. ಆಡುಗಳ ಹಿಂದೆ ನಮ್ಮ ಹೆಂಗಸರು ಹತ್ತುತ್ತಾರೆ. ಗಂಡಸರಲ್ಲಿ ಹತ್ತುವವರು ಕಡಿಮೆ.

ಚಳಿಗಾಲದ ಮಳೆ ಮುಗಿದ ಮೇಲೆ ಆ ಬೆಟ್ಟವನ್ನು ಮುಚ್ಚುತ್ತೇವೆ. ಬೇಲಿ ಹಾಕುವುದಿಲ್ಲ, ಕಾವಲು ಇಡುವುದಿಲ್ಲ. ಹಿರಿಯರು ಕೂತು ಒಬ್ಬ ಗಂಡಸಿನ ಹೆಸರು ಹೇಳಿ, "ಬೇಸಿಗೆಯ ತನಕ ಈ ಬೆಟ್ಟ ಇವನ ಮುಖದ ಮೇಲೆ ಮುಚ್ಚಿದೆ" ಎನ್ನುತ್ತಾರೆ. ಅಷ್ಟೇ. ಆಮೇಲೆ ಯಾರಾದರೂ ಅಲ್ಲಿ ಆಡು ಬಿಟ್ಟರೆ ಮೇಯುವುದು ಬರಿಯ ಹುಲ್ಲಲ್ಲ, ಅವನ ಮಾನ. ಆ ಮನುಷ್ಯನಿಗೆ ಒಂದೇ ಕೆಲಸ. ಬೆಟ್ಟ ಮುಚ್ಚಿರುವಾಗ ನಡುವೆ ಒಮ್ಮೆ ತಾನೇ ಹತ್ತಿ, ತಗ್ಗನ್ನು ನೋಡಿ, ಅಲ್ಲಿ ಮಾತ್ರ ಬೆಳೆಯುವ ಝಾತರ್ ಸೊಪ್ಪಿನ ಒಂದು ಕಡ್ಡಿ ಕೊಯ್ದು ತಂದು ಪಂಚಾಯಿತಿಯ ಗುಡಾರದ ಕಂಬಕ್ಕೆ ಕಟ್ಟಬೇಕು. ಕಡ್ಡಿ ಕಂಡರೆ ಎಲ್ಲರಿಗೂ ನಿಶ್ಚಿಂತೆ. ಸೊಪ್ಪಿನ ವಾಸನೆ ಗುಡಾರವನ್ನೆಲ್ಲ ತುಂಬಿಕೊಳ್ಳುತ್ತದೆ, ಚಹಾಕ್ಕೂ ಬರುತ್ತದೆ.

ಎಷ್ಟೋ ವರ್ಷ ಆ ಮುಖ ಸುವೈಲಿಮನದಾಗಿತ್ತು. ಅವನು ನಮ್ಮ ತಾಯಿಯ ಸೋದರಮಾವ. ಉದ್ದ ಕಾಲಿನ, ಕಡಿಮೆ ಮಾತಿನ ಮನುಷ್ಯ. ಪ್ರವಾಸಿಗಳನ್ನು ಬೆಟ್ಟಗಳಿಗೆ ಕರೆದೊಯ್ಯುವುದು ಅವನ ಕಸುಬು. ಅವನು ನಡೆದರೆ ಕಲ್ಲು ಸದ್ದು ಮಾಡುವುದಿಲ್ಲ ಎಂದು ಜನ ಹೇಳುತ್ತಿದ್ದರು. ಮಕ್ಕಳು ಹಟ ಮಾಡಿದರೆ, "ಸುವೈಲಿಮನಿಗೆ ಹೇಳ್ತೀನಿ, ಉಮ್ ಲೌಜ್ ಮೇಲೆ ಬಿಟ್ಟು ಬರ್ತಾನೆ ನೋಡು" ಎಂದು ತಾಯಂದಿರು ಹೆದರಿಸುತ್ತಿದ್ದರು. ಅವನಿಗೆ ಅದು ಕೇಳಿಸಿದರೆ ಸಂತೋಷವಾಗುತ್ತಿತ್ತು. ಸಂತೋಷವನ್ನು ತೋರಿಸುತ್ತಿರಲಿಲ್ಲ, ಮೀಸೆ ಒರೆಸಿಕೊಳ್ಳುತ್ತಿದ್ದ.

ಒಂದು ವರ್ಷ ಕಡ್ಡಿ ತಂದು ಇಳಿಯುವಾಗ ಅವನು ಆ ಕೆಂಪು ಬಂಡೆಯ ಮೇಲೆ ಜಾರಿದ. ಕೆಳಗಿನ ಗುಂಡುಕಲ್ಲಿಗೆ ಮಂಡಿ ಬಡಿದು ನಿಂತುಕೊಂಡ. ಇನ್ನು ಸ್ವಲ್ಪ ಆಚೆ ಜಾರಿದ್ದರೆ ನಿಲ್ಲುತ್ತಿರಲಿಲ್ಲ. ಮನೆಗೆ ಬಂದು ಹೆಂಡತಿ ಹಮ್ದಾಳಿಗೆ, "ಬಾವಿ ಕಟ್ಟೆ ಹತ್ರ ಕಾಲು ತಪ್ಪಿತು" ಎಂದ. ಮಂಡಿ ಒಂದು ಮಟ್ಟಕ್ಕೆ ವಾಸಿಯಾಯಿತು. ವಾಸಿಯಾಗದೆ ಉಳಿದದ್ದು ಬೇರೆ. ಕಡಿದಾದ ಬಂಡೆಯ ಮೇಲೆ ಕೈಯಿಟ್ಟರೆ ಸಾಕು, ಅವನ ಬೆರಳುಗಳು ಸೆಟೆದುಕೊಳ್ಳುತ್ತಿದ್ದವು. ಪ್ರವಾಸಿಗಳನ್ನು ದಾರಿಯಿರುವ ಬೆಟ್ಟಗಳಿಗೆ ಮಾತ್ರ ಕರೆದೊಯ್ಯತೊಡಗಿದ. ಯಾರಿಗೂ ಅನುಮಾನ ಬರಲಿಲ್ಲ. ಆಗಲೇ ಹೇಳಿಬಿಟ್ಟಿದ್ದರೆ ಯಾರೂ ನಗುತ್ತಿರಲಿಲ್ಲ, ಇನ್ನೊಬ್ಬನ ಹೆಸರು ಹೇಳಿ ಬೆಟ್ಟ ಮುಚ್ಚುತ್ತಿದ್ದರು. ಆದರೆ ಮುಂದಿನ ಚಳಿಗಾಲ ಹಿರಿಯ ಮರ್ಜೂಕ್ ಎಂದಿನಂತೆ, "ಸುವೈಲಿಮನ ಮುಖದ ಮೇಲೆ" ಎಂದಾಗ ಇವನು ಎಂದಿನಂತೆ ಎದೆಯ ಮೇಲೆ ಕೈಯಿಟ್ಟುಕೊಂಡ.

ಕಡ್ಡಿ ತರುವ ಕಾಲ ಬಂತು. ಒಮ್ಮೆ ಹೋಗಿ ಬಂಡೆಯ ಬುಡದಿಂದ ಹಿಂದಿರುಗಿದ. ಇನ್ನೊಮ್ಮೆ ಹೋದಾಗ ಬಂಡೆಯ ತನಕವೂ ಹೋಗಲಾಗದೆ ಪುಡಿಗಲ್ಲಿನ ಕೆಳಗೆ ಕೂತುಬಿಟ್ಟ. ಆ ಹೊತ್ತಿಗೆ ಆಲ್ಯಾ ತನ್ನ ಆಡುಗಳನ್ನು ಹೊಡೆದುಕೊಂಡು ಅಲ್ಲಿಗೆ ಬಂದಳು. ಅವಳು ಗಂಡ ಸತ್ತ ಹೆಂಗಸು. ಬೆಟ್ಟದ ಬುಡದಲ್ಲಿ, ಮುಚ್ಚಿದ ಗಡಿಯ ಈಚೆ, ಕಲ್ಲಿನ ಮನೆ ಮಾಡಿಕೊಂಡಿದ್ದಳು. ಆಡು ಬಿಟ್ಟರೆ ಅವಳಿಗೆ ಬೇರೆ ಆಸರೆ ಇರಲಿಲ್ಲ. ಉಮ್ ಲೌಜ್ ಅವಳಿಗೆ ಹುಡುಗಿಯಾಗಿದ್ದಾಗಿನಿಂದ ಗೊತ್ತು.

"ಏನಣ್ಣಾ, ಬೆಟ್ಟ ಇಳಿದು ಬರ್ಲಿ ಅಂತ ಕಾಯ್ತಿದೀರಾ?" ಎಂದಳು.

ಅವನು ನಗಲಿಲ್ಲ. "ಮಂಡಿ," ಎಂದ. ಮಂಡಿಯ ಮೇಲಿನ ಕೈ ತೆಗೆದು, "ಮಂಡಿ ಅಲ್ಲ," ಎಂದ.

ಆಲ್ಯಾ ಅವನ ಕೈ ನೋಡಿದಳು. ಬೆರಳುಗಳು ಸೆಟೆದುಕೊಂಡಿದ್ದವು. ಅವಳು ಕೈಚಾಚಿದಳು. "ಚಾಕು ಕೊಡಿ. ನನ್ನ ಆಡು ನೋಡ್ಕೊಳ್ಳಿ. ಆ ಬಿಳಿ ಕಿವಿಯದ್ದು ಕಳ್ಳಿ, ಕಣ್ಣು ತಪ್ಪಿಸಿ ಮೇಲೆ ಓಡುತ್ತೆ. ಅದನ್ನ ಬಿಡಬೇಡಿ."

"ಆಲ್ಯಾ, ಯಾರಿಗೂ..."

"ಹೇಳಲ್ಲ. ಮಾತು ಕೊಟ್ಟೆ, ಸರಿನಾ?"

ಅವಳು ಹತ್ತಿ ಹೋದಳು. ಆ ಹೊತ್ತೆಲ್ಲ ಸುವೈಲಿಮ್ ಕೆಳಗೆ ಆಡು ಕಾದ. ನಮ್ಮಲ್ಲಿ ಗಂಡಸರು ಆಡು ಕಾಯುವುದಿಲ್ಲ. ಯಾರಾದರೂ ಕಂಡಾರೆಂದು ಬಂಡೆಯ ಮರೆಯಲ್ಲಿ ಕೂತು, ಬಿಳಿ ಕಿವಿಯ ಆಡಿನ ಕಾಲು ಹಿಡಿದುಕೊಂಡಿದ್ದನಂತೆ. ಆಲ್ಯಾ ಇಳಿದು ಬಂದು ಕಡ್ಡಿಯನ್ನೂ ಚಾಕುವನ್ನೂ ಕೊಟ್ಟಳು. ಸಂಜೆ ಕಡ್ಡಿ ಗುಡಾರದ ಕಂಬಕ್ಕೇರಿತು. "ಈ ವಯಸ್ಸಲ್ಲೂ ನೋಡು!" ಎಂದರು ಎಲ್ಲರೂ. ಆ ಸಂಜೆ ಅವನು ಮೀಸೆ ಒರೆಸಿಕೊಳ್ಳಲಿಲ್ಲ.

ವಿಷಯ ಅಲ್ಲಿಗೇ ನಿಲ್ಲುತ್ತಿತ್ತು. ಆದರೆ ಅದೇ ದಿನ ಫುರೈಜ್ ಎಂಬವನು ಕಳೆದುಹೋದ ತನ್ನ ಒಂಟೆಯನ್ನು ಹುಡುಕುತ್ತ ಎದುರು ಬೆಟ್ಟದ ನೆತ್ತಿಯಲ್ಲಿದ್ದ. ಫುರೈಜ್ ದಪ್ಪ ಮನುಷ್ಯ, ಬಾಯಿ ಜೋರು, ಮನಸ್ಸು ಕೆಟ್ಟದ್ದಲ್ಲ. ಉಮ್ ಲೌಜ್ ಮೇಲೆ ಕಪ್ಪು ಬಟ್ಟೆಯ ಹೆಂಗಸೊಬ್ಬಳು ಕಂಡಳು. ಅವಳ ಹಿಂದೆ ಕೊಂಬಿರುವ ಏನೋ ಓಡಿದವು. ಒಂಟೆ ಸಿಕ್ಕ ಮೇಲೆ ಅವನು ನೇರ ಗುಡಾರಕ್ಕೆ ಬಂದು, "ಮುಚ್ಚಿದ ಬೆಟ್ಟದಲ್ಲಿ ಆಲ್ಯಾ ಆಡು ಮೇಯಿಸ್ತಿದಾಳೆ. ಸುವೈಲಿಮ್ ಮಾವನ ಮುಖ ಅಂದ್ರೆ ಈಗ ಇಷ್ಟೇನಾ?" ಎಂದು ಕೂಗಾಡಿದ.

ಮರುದಿನ ಬೆಳಿಗ್ಗೆ ಎಲ್ಲರೂ ಸೇರಿದರು. ಆಲ್ಯಾಳನ್ನು ಕರೆಸಿದರು. ತಪ್ಪು ಸಾಬೀತಾದರೆ ಬೆಟ್ಟ ತೆರೆದ ಮೇಲೂ ಆ ವರ್ಷವಿಡೀ ಅವಳ ಆಡುಗಳು ಮೇಲೆ ಹೋಗುವಂತಿಲ್ಲ. ಬೇಸಿಗೆಯಲ್ಲಿ ಕೆಳಗೆ ಮೇವಿರುವುದಿಲ್ಲ. ಆಡುಗಳನ್ನು ಮಾರುವುದೊಂದೇ ದಾರಿ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ಮೇಲೆ ಹೋಗಿದ್ದೆಯಾ ಮಗಳೇ?" ಮರ್ಜೂಕ್ ಕೇಳಿದ.

"ಹೋಗಿದ್ದೆ."

"ಆಡು?"

"ಆಡು ಕೆಳಗಿದ್ದವು."

"ಕೇಳಿದ್ರಾ!" ಫುರೈಜ್ ತೊಡೆ ತಟ್ಟಿದ. "ಆಡು ಕೆಳಗೆ ತಾವೇ ಕೂತು ಚಹಾ ಕುಡೀತಿದ್ವು! ಯಾರ ಹತ್ರ ಬಿಟ್ಟಿದ್ದೆ ತಾಯಿ?"

ಆಲ್ಯಾ ಉತ್ತರ ಕೊಡುವ ಮೊದಲು ಒಮ್ಮೆ ಸುವೈಲಿಮನ ಕಡೆ ನೋಡಿದಳು. ದಿಟ್ಟಿಸಲಿಲ್ಲ, ಬಾಗಿಲು ತೆರೆದಿದೆಯೇ ಎಂದು ನೋಡುವಂತೆ ನೋಡಿದಳು. ಆಮೇಲೆ, "ನೋಡ್ಕೊಂಡವರಿಗೆ ನೆನಪಿದ್ರೆ ಅವರೇ ಹೇಳ್ತಾರೆ," ಎಂದಳು.

ಅವಳ ಆಡು ಕೆಳಗಿದ್ದದ್ದನ್ನು ಕಂಡವನು ಜಗತ್ತಿನಲ್ಲಿ ಒಬ್ಬನೇ. ಅವನ ಅಂಗೈಗೆ ಇನ್ನೂ ಬಿಳಿ ಕಿವಿಯ ಆಡಿನ ವಾಸನೆ ಅಂಟಿತ್ತು. ತಲೆಯ ಮೇಲಿನ ಕಂಬದಲ್ಲಿ ಅವಳು ಕೊಯ್ದ ಸೊಪ್ಪು ಘಮ್ಮೆನ್ನುತ್ತಿತ್ತು. ಸುವೈಲಿಮ್ ತನ್ನ ಚಹಾ ಲೋಟದೊಳಗೆ ನೋಡುತ್ತ ಕೂತ. ಲೋಟ ಖಾಲಿಯಾಗಿತ್ತು.

ಮರ್ಜೂಕ್ ಕಾದ. ಆಮೇಲೆ ತೀರ್ಮಾನ ಹೇಳಿದ: "ಬೆಟ್ಟ ಸುವೈಲಿಮನ ಮುಖದ್ದು. ಅವನೇ ಹೋಗಿ ನೋಡ್ಲಿ. ಫುರೈಜ್, ನೀನೂ ಹೋಗು. ಆಲ್ಯಾ, ನೀನೂ. ಆಡು ಮೇಯ್ದಿದ್ರೆ ಅಲ್ಲೇ ಗೊತ್ತಾಗುತ್ತೆ. ಬಂದ ಮೇಲೆ ಸುವೈಲಿಮ್ ಏನಂತಾನೋ ಅದೇ ಕೊನೇ ಮಾತು."

ಹೀಗೆ ಮೂವರೂ ಹೊರಟರು. ಮೇಲೆ ನಡೆದದ್ದನ್ನು ಫುರೈಜ್ ಒಂದು ರೀತಿ ಹೇಳುತ್ತಾನೆ, ಆಲ್ಯಾ ಒಂದು ರೀತಿ ಹೇಳುತ್ತಾಳೆ. ಅವರಿಬ್ಬರ ಮಾತೂ ಸೇರುವ ಕಡೆ ಮಾತ್ರ ಇಲ್ಲಿ ಬರೆದಿದ್ದೇನೆ. ಮಾತು ಸೇರದ ಕಡೆ ಸುವೈಲಿಮನನ್ನೇ ಕೇಳಿದೆ.

ಪುಡಿಗಲ್ಲಿನಲ್ಲಿ ಎರಡು ಹೆಜ್ಜೆ ಏರಿದರೆ ಒಂದು ಹೆಜ್ಜೆ ಕೆಳಗೆ ಬರುತ್ತಿತ್ತು. ಫುರೈಜನ ಬಾಯಿ ಅಲ್ಲೂ ನಿಲ್ಲಲಿಲ್ಲ. "ನನ್ನ ಹೊಟ್ಟೆ ಮೊದಲು ಹೋಗುತ್ತೆ, ನಾನು ಹಿಂದೆ ಹೋಗ್ತೀನಿ. ಮಾವಾ, ನೀನು ದಾರಿ ತೋರಿಸಬೇಕಾದವನು, ಹಿಂದೆ ಯಾಕೆ ಬರ್ತಿದೀಯ?"

ಸುವೈಲಿಮ್ ಬಾಯಿ ತೆರೆಯುವ ಮೊದಲೇ ಆಲ್ಯಾ ಹೇಳಿದಳು: "ನೀವು ಉರುಳಿ ಬಿದ್ರೆ ಹಿಡಿಯೋಕೆ ಯಾರಾದ್ರೂ ಬೇಡ್ವಾ?"

ಗುಂಡುಕಲ್ಲುಗಳ ನಡುವಿನ ಸಂದು ಎರಡಾಗಿ ಕವಲೊಡೆಯಿತು. ಎಡಕ್ಕೆ ಹೋದರೆ ಮುಂದೆ ಕಮರಿ, ಬಲಕ್ಕೆ ಹೋದರೆ ಬಂಡೆ. ಗಾಬರಿಯಲ್ಲಿ ಸುವೈಲಿಮನಿಗೆ ಅದೂ ಮರೆತಿತ್ತು. ಅವನು ಎಡಕ್ಕೆ ತಿರುಗಿದ. ಆಲ್ಯಾ ಬಲಕ್ಕೆ ಹೆಜ್ಜೆ ಹಾಕುತ್ತ ಗಟ್ಟಿಯಾಗಿ, "ಅಣ್ಣಾ ಹೇಳಿದ್ರಲ್ಲ, ಬಲಕ್ಕೆ ಅಂತ," ಎಂದಳು. ಅವನು ಏನೂ ಹೇಳಿರಲಿಲ್ಲ. ತಿರುಗಿ ಅವಳ ಹಿಂದೆ ನಡೆದ. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ ಎಂದು ಅವನು ಆಮೇಲೆ ಹೇಳಿದ.

ಕೆಂಪು ಬಂಡೆ ಬಂತು. ಆಲ್ಯಾ ಬರಿಗಾಲಲ್ಲಿ ಹತ್ತಿದಳು. ಅವಳು ಕಾಲಿಟ್ಟ ಕಡೆಯೇ ಕಾಲಿಟ್ಟು ಫುರೈಜ್ ದೇವರನ್ನು ಕರೆಯುತ್ತ, ತನ್ನ ಒಂಟೆಯನ್ನು ಬೈಯುತ್ತ ಹತ್ತಿದ. ಸುವೈಲಿಮ್ ಬಂಡೆಯ ಮಧ್ಯದ ತನಕ ಬಂದ. ಅಲ್ಲಿ ಅವನಿಗೆ ತಾನು ಜಾರಿದ ಜಾಗ ಕಂಡಿತು. ಕೈ ಸೆಟೆಯಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಕೆನ್ನೆಯನ್ನು ಬಿಸಿ ಕಲ್ಲಿಗೆ ಒತ್ತಿ ಕಣ್ಣು ಮುಚ್ಚಿಕೊಂಡ.

"ಏನ್ ಮಾವಾ, ಅಲ್ಲೇ ನಿದ್ದೆ ಬಂತಾ?" ಮೇಲಿನಿಂದ ಫುರೈಜ್ ಕೂಗಿದ.

"ಬಂಡೆ ಮೇಲೆ ಗೊರಸಿನ ಗುರುತು ನೋಡ್ತಿದಾರೆ, ಸುಮ್ನಿರಿ," ಎಂದಳು ಆಲ್ಯಾ. "ನೀವು ಹೋಗಿ ಆ ನೆರಳಲ್ಲಿ ಕೂತು ಉಸಿರಾಡಿ. ಮುಖ ದಾಳಿಂಬೆ ಥರ ಆಗಿದೆ." ಫುರೈಜ್ ಸಂತೋಷದಿಂದ ಹೋಗಿ ಕೂತ.

ಅವಳು ಮತ್ತೆ ಕೆಳಗಿಳಿದು ಬಂದಳು. ಸೊಂಟಕ್ಕೆ ಸುತ್ತಿದ್ದ ಉಣ್ಣೆಯ ಪಟ್ಟಿಯನ್ನು ಬಿಚ್ಚಿ ಒಂದು ತುದಿಯನ್ನು ತನ್ನ ಕೈಗೆ ಸುತ್ತಿಕೊಂಡು ಇನ್ನೊಂದನ್ನು ಅವನ ಕಡೆ ಬಿಟ್ಟಳು. ಅವನು ಹಿಡಿದುಕೊಂಡ.

"ಹೇಳಿಬಿಡ್ತೀನಿ," ಎಂದು ಪಿಸುಗುಟ್ಟಿದ. "ಈಗಲೇ ಫುರೈಜನಿಗೆ ಹೇಳಿಬಿಡ್ತೀನಿ ಆಲ್ಯಾ."

"ಮೊದಲು ಹತ್ತಿ. ಎಡಗಾಲು ಆ ಬಿರುಕಿಗೆ. ಹಾಂ. ಕೆಳಗೆ ನೋಡಬೇಡಿ, ನನ್ನ ಕೈ ನೋಡಿ."

ಹತ್ತಿದ. ಮೇಲೆ ಬಂದು ಕೂತ. ಫುರೈಜ್ ನೆರಳಿನಿಂದ ಎದ್ದು ಬಂದು ಅವನ ಬೆನ್ನು ತಟ್ಟಿ, "ಭಲೇ ಮಾವಾ!" ಎಂದ. ಆಲ್ಯಾ ಆಗಲೇ ಪಟ್ಟಿಯನ್ನು ಸೊಂಟಕ್ಕೆ ಸುತ್ತಿಕೊಂಡಾಗಿತ್ತು. ಸುವೈಲಿಮ್ ಹೇಳಲಿಲ್ಲ.

ತಗ್ಗಿನಲ್ಲಿ ಮೇವು ಮೊಣಕಾಲೆತ್ತರ ಬೆಳೆದಿತ್ತು. ಹಿಂಡು ಮೇಯ್ದ ಗುರುತೇ ಇಲ್ಲ. ಬಾದಾಮಿ ಮರ ಬಿಳಿಯಾಗಿ ಹೂ ಬಿಟ್ಟಿತ್ತು. ಒಂದು ಕಡೆ ಹಿಕ್ಕೆ ಬಿದ್ದಿತ್ತು. ಫುರೈಜ್ ಅದನ್ನು ಕೈಗೆತ್ತಿಕೊಂಡು ಪುಡಿಮಾಡಿ ಮೂಗಿನ ಹತ್ತಿರ ಹಿಡಿದ. ಅವನ ಮುಖ ಸಪ್ಪಗಾಯಿತು.

"ಕಾಡುಮೇಕೆದು. ನಾನು ನೋಡಿದ ಕೊಂಬು ಅದೇ ಇರಬೇಕು. ಅಯ್ಯೋ ನನ್ನ ಕಣ್ಣಿಗಿಷ್ಟು! ಆಲ್ಯಾ, ತಪ್ಪಾಯ್ತು ತಾಯಿ. ನನ್ನ ಗಡ್ಡ ಹಿಡಿದು ಎಳಿ ಬೇಕಾದ್ರೆ."

"ಇಳಿಯೋವಾಗ ನೋಡೋಣ," ಎಂದಳು ಅವಳು.

ಆಮೇಲೆ ಫುರೈಜನಿಗೆ ಝಾತರ್ ಪೊದೆ ಕಂಡಿತು. ಒಂದು ಕೊಂಬೆ ಚಾಕುವಿನಿಂದ ನೀಟಾಗಿ ಕತ್ತರಿಸಿದ್ದು ಇನ್ನೂ ಹಸಿರಾಗಿತ್ತು. "ನೋಡಿಲ್ಲಿ, ಮಾವನ ಚಾಕು! ಎಂಥಾ ಕೈ!" ಎಂದು ಅವನು ಅದನ್ನು ಸವರಿದ. ಸುವೈಲಿಮ್ ತುದಿಯ ಕಡೆ ತಿರುಗಿ ನಿಂತ. ಅಲ್ಲಿಂದ ಎರಡು ಕಡೆಯ ಸಮುದ್ರವೂ ಕಾಣುತ್ತದೆ. ಅವನು ಏನನ್ನೂ ನೋಡಲಿಲ್ಲ.

ಇಳಿಯುವಾಗಲೂ ಬಂಡೆಯ ಹತ್ತಿರ ಅವಳು ಫುರೈಜನನ್ನು ಮುಂದೆ ಕಳಿಸಿ ಪಟ್ಟಿ ಬಿಚ್ಚಿದಳು. ಅವನು ತುದಿ ಹಿಡಿದು ಇಳಿದ.

ಗುಡಾರದಲ್ಲಿ ಸುವೈಲಿಮ್ ಹೇಳಿದ್ದು ಒಂದೇ ಮಾತು: "ಆಡು ಮೇಲೆ ಹೋಗಿಲ್ಲ." ಅದು ಸತ್ಯವೇ. ಜನ ನಿಟ್ಟುಸಿರು ಬಿಟ್ಟರು. ಆಲ್ಯಾಳ ಆಡುಗಳು ಉಳಿದವು. ಆದರೆ ಮರ್ಜೂಕ್ ಏಳುವ ಮುನ್ನ, "ಮತ್ತೆ ನೀನು ಒಬ್ಬಳೇ ಮೇಲೆ ಯಾಕೆ ಹೋಗಿದ್ದೆ ಮಗಳೇ?" ಎಂದು ಕೇಳಿದ.

"ಬಾದಾಮಿ ಹೂ ಬಿಟ್ಟಿದೆಯಾ ಅಂತ ನೋಡೋಕೆ."

ಯಾರೋ ಹಿಂದಿನಿಂದ ಕಿಸಕ್ಕೆಂದರು. ಇನ್ನೊಬ್ಬ, "ಹೂ ನೋಡೋಕೋ, ಹೂ ಮುಡಿಸೋನನ್ನ ನೋಡೋಕೋ," ಎಂದ. ನಗು ಗುಡಾರದ ತುಂಬ ಹರಡಿತು. ಆಲ್ಯಾ ಎದ್ದು ತಲೆಬಟ್ಟೆ ಸರಿಮಾಡಿಕೊಂಡಳು. ಅವಳು ಆಗಲೂ ಒಮ್ಮೆ ಅವನ ಕಡೆ ನೋಡಿದಳು. ಅವನ ಕಣ್ಣು ಆಗಲೂ ಲೋಟದೊಳಗಿತ್ತು.

ನಮ್ಮಲ್ಲಿ ಕೊಟ್ಟ ಮುಖವನ್ನು ಕಾಪಾಡಿದವನಿಗೆ ಕಣಿವೆಯ ಮೇಲಿನ ಕಂಡಿಯಲ್ಲಿ ಒಂದು ಕೋಲು ನೆಟ್ಟು ಬಿಳಿ ಬಟ್ಟೆ ಕಟ್ಟುತ್ತಾರೆ. ಕಾಪಾಡದವನಿಗೆ ಅದೇ ಕಂಡಿಯಲ್ಲಿ ಕಪ್ಪು ಕಲ್ಲು ಪೇರಿಸುತ್ತಾರೆ, ಹೋಗಿ ಬರುವವರೆಲ್ಲ ನೋಡಲೆಂದು. ಬಟ್ಟೆ ಕಟ್ಟುವುದು ಆ ಮುಖದಿಂದ ಉಳಿದುಕೊಂಡವರ ಕೆಲಸ, ಕಲ್ಲು ಪೇರಿಸುವುದು ನೊಂದವರ ಕೆಲಸ. ಮಂಡಿನೋವಿದ್ದೂ ಸುವೈಲಿಮ್ ಎರಡು ಸಲ ಉಮ್ ಲೌಜ್ ಹತ್ತಿದ, ವಿಧವೆಯ ಆಡು ಉಳಿಸಿದ ಎಂದು ಅವನಿಗೆ ಬಿಳಿ ಬಟ್ಟೆ ಕಟ್ಟಬೇಕೆಂದು ತೀರ್ಮಾನವಾಯಿತು. ಕಟ್ಟಬೇಕಾದವಳು ಆಲ್ಯಾ.

ಅವಳು ಕಟ್ಟಿದಳು. ಎಲ್ಲರೂ ನಿಂತು, "ಸುವೈಲಿಮನ ಮುಖ ಬಿಳಿ!" ಎಂದು ಕೂಗಿದರು. ಬಟ್ಟೆ ಗಾಳಿಗೆ ಪಟಪಟನೆ ಬಡಿದುಕೊಂಡಿತು. ಅವಳು ಗಂಟು ಬಿಗಿಯುತ್ತ ಅವನಿಗಷ್ಟೇ ಕೇಳುವಂತೆ, "ತಲೆ ಎತ್ತಿ ಅಣ್ಣಾ. ಜನ ನೋಡ್ತಿದಾರೆ," ಎಂದಳು.

ಅವನು ಮನೆಗೆ ಬಂದ. ಹಮ್ದಾ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ಹೆಂಗಸರ ನಡುವೆ ಹರಡಿದ ಮಾತು ಅವಳಿಗೂ ಬಂದಿತ್ತು.

"ಏನೇ ಹೇಳಿ, ಆ ಆಲ್ಯಾ ಸುಮ್ನೆ ಹೋಗಿಲ್ಲ ಮೇಲೆ. ಯಾರಿಗೋಸ್ಕರ ಹೋಗಿದ್ಲೋ ದೇವರಿಗೇ ಗೊತ್ತು."

"ನನಗೋಸ್ಕರ," ಎಂದ ಸುವೈಲಿಮ್.

ಹಮ್ದಾಳ ಕೈ ಹಿಟ್ಟಿನಲ್ಲೇ ನಿಂತಿತು. ಅವಳು ಗಂಡನ ಮುಖ ನೋಡಿದಳು. ಅವನು ಬೇಗ ಬೇಗ ಹೇಳಿದ, ನಿಲ್ಲಿಸಿದರೆ ಮತ್ತೆ ಶುರುಮಾಡಲಾರೆನೆಂಬಂತೆ: ಬಾವಿಯಲ್ಲ, ಬಂಡೆ. ಮಂಡಿಯಲ್ಲ, ಹೆದರಿಕೆ.

"ಹಾಗಾದ್ರೆ ಕಂಬದ ಮೇಲಿರೋ ಸೊಪ್ಪು?"

"ಅವಳು ಕೊಯ್ದದ್ದು."

"ಅವಳ ಆಡು?"

"ನಾನು ಕಾಯ್ತಿದ್ದೆ."

"ನೀನು? ಆಡು?" ಹಮ್ದಾ ಎದ್ದು ನಿಂತಳು. "ಇಷ್ಟು ವರ್ಷದಲ್ಲಿ ನನ್ನ ಒಂದು ಮರಿ ಓಡಿಹೋದ್ರೆ ಎದ್ದು ಹಿಡಿದವನಲ್ಲ ನೀನು!" ಅವಳಿಗೆ ನಗು ಬಂತು, ನಗು ಅರ್ಧಕ್ಕೇ ನಿಂತಿತು. "ಅವರೆಲ್ಲ ನಗ್ತಿದ್ದಾಗ ನೀನು ಅಲ್ಲೇ ಕೂತಿದ್ದೆಯಾ?"

"ಕೂತಿದ್ದೆ."

"ನಾನೂ ಬಾವಿ ಹತ್ರ ನಕ್ಕು ಬಂದೆ." ಹಮ್ದಾ ಕೈಗಂಟಿದ ಹಿಟ್ಟನ್ನು ಕೆರೆದು ತೆಗೆಯತೊಡಗಿದಳು. ಅವನ ಕಡೆ ನೋಡಲಿಲ್ಲ. "ಹೋಗು. ನೀನು ಬರೋವರೆಗೂ ಈ ಮನೇಲಿ ರೊಟ್ಟಿ ಬೇಯಲ್ಲ."

ಇನ್ನೂ ಬಿಸಿಲಿತ್ತು. ಸುವೈಲಿಮ್ ಕಂಡಿಗೆ ಹತ್ತಿ, ಕೋಲಿನಿಂದ ಬಟ್ಟೆ ಬಿಚ್ಚಿ ಮಡಿಸಿ ಎದೆಗೆ ಒತ್ತಿಕೊಂಡು ಗುಡಾರಕ್ಕೆ ಬಂದ. ಗಂಡಸರು ಇನ್ನೂ ಕೂತಿದ್ದರು. ಆಲ್ಯಾ ಆಡುಗಳನ್ನು ಮನೆಗೆ ಹೊಡೆಯುತ್ತ ಆಚೆ ದಾಟುತ್ತಿದ್ದಳು. ಅವಳನ್ನೂ ನಿಲ್ಲಿಸಿ, ಎಲ್ಲರೆದುರು, ಹೆಂಡತಿಗೆ ಹೇಳಿದ್ದನ್ನೇ ಹೇಳಿದ. ಈ ಸಲ ನಿಧಾನವಾಗಿ ಹೇಳಿದ. ಬಂಡೆಯ ಮೇಲಿನ ಉಣ್ಣೆ ಪಟ್ಟಿಯನ್ನೂ ಬಿಡಲಿಲ್ಲ. ಕೊನೆಗೆ ಬಟ್ಟೆಯನ್ನು ಚಾಪೆಯ ಮೇಲಿಟ್ಟು, "ಇದು ಅವಳದ್ದು," ಎಂದ.

ಯಾರೂ ಬೈಯಲಿಲ್ಲ. ಚಹಾ ಪಾತ್ರೆ ಒಂದು ಸುತ್ತು ಬಂತು. ಅವನ ಮುಂದಿನ ಲೋಟಕ್ಕೆ ಯಾರೂ ಬಗ್ಗಿಸಲಿಲ್ಲ. ಫುರೈಜನಂಥ ಫುರೈಜನೂ ತನ್ನ ಪಾದ ನೋಡಿಕೊಂಡ. ಹೂವಿನ ಮಾತಾಡಿದವನು ಮೆಲ್ಲಗೆ ಎದ್ದುಹೋದ.

ಮರ್ಜೂಕ್ ಆಲ್ಯಾಳನ್ನು ಕೇಳಿದ: "ನೀನು ಮೊದಲೇ ಯಾಕೆ ಹೇಳಲಿಲ್ಲ ಮಗಳೇ?"

"ಮಾತು ಕೊಟ್ಟಿದ್ದೆ. ಅದನ್ನ ಬಿಡಿಸೋಕೆ ಅವರಿಗೇ ನಾಲಿಗೆ ಇತ್ತಲ್ಲ."

"ಹಾಗಾದ್ರೆ ಕಲ್ಲು ನಿನ್ನ ಕೈಯಲ್ಲಿದೆ. ಕಂಡಿಯಲ್ಲಿ ಕಪ್ಪು ಕಲ್ಲು ಪೇರಿಸ್ತೀಯಾ?"

ಎಲ್ಲರೂ ಅವಳನ್ನೇ ನೋಡಿದರು. ಬಿಳಿ ಕಿವಿಯ ಆಡು ಅಷ್ಟರಲ್ಲಿ ಗುಂಪು ಬಿಟ್ಟು ಬಂದು ಸುವೈಲಿಮನ ಅಂಗಿಯ ಅಂಚನ್ನು ಕಚ್ಚಿ ಎಳೆಯುತ್ತಿತ್ತು. ಆಲ್ಯಾ ಅದರ ಕುತ್ತಿಗೆ ಹಿಡಿದು ಎಳೆದಳು.

"ಅವರು ನನ್ನ ಆಡು ಕಾದಿದಾರೆ," ಎಂದಳು. "ಕಲ್ಲು ಹೊರೋಕೆ ನನಗೆ ಪುರುಸೊತ್ತಿಲ್ಲ."

ಕಲ್ಲು ಬೀಳಲಿಲ್ಲ. ಬಿಳಿ ಬಟ್ಟೆಯನ್ನು ಸುವೈಲಿಮ್ ತಾನೇ ಮತ್ತೆ ಕೋಲಿಗೆ ಕಟ್ಟಿದ. "ಆಲ್ಯಾಳ ಮುಖ ಬಿಳಿ!" ಎಂದು ಒಬ್ಬನೇ ಕೂಗಿದ. ಹೆಂಗಸಿಗೆ ಬಟ್ಟೆ ಕಟ್ಟುವುದುಂಟೇ ಎಂದು ಕೆಲವರು ಗೊಣಗಿದರು, ಬಿಚ್ಚಲು ಮಾತ್ರ ಯಾರೂ ಮುಂದಾಗಲಿಲ್ಲ. ಎರಡನೇ ಸಲ ಕೂಗಿದಾಗ ಫುರೈಜ್ ದನಿಗೂಡಿಸಿದ.

ಈಗ ಬೆಟ್ಟ ಬೇರೆಯವರ ಮುಖದ ಮೇಲೆ ಮುಚ್ಚುತ್ತದೆ. ಸುವೈಲಿಮನನ್ನು ಯಾರೂ ಹಂಗಿಸುವುದಿಲ್ಲ. ಅವನ ಎದುರು ಉಮ್ ಲೌಜ್ ಹೆಸರೆತ್ತುವುದೂ ಇಲ್ಲ. ಯಾರೋ ಹೆಸರೆತ್ತಿ ಥಟ್ಟನೆ ನಿಲ್ಲಿಸಿದಾಗ ಅವನ ಕಿವಿಯ ತುದಿ ಕೆಂಪಾಗುವುದನ್ನು ಕಂಡಿದ್ದೇನೆ. ಬಟ್ಟೆ ಬಿಸಿಲಿಗೆ ಮಾಸಿ ನೂಲುನೂಲಾಗಿದೆ. ಅವನು ಅದರ ಕೆಳಗೆ ಹಾದುಹೋಗಲಾರ. ಕಣಿವೆಯಿಂದ ಬರುವಾಗ ಕಂಡಿಯ ದಾರಿ ಬಿಟ್ಟು, ಕಲ್ಲುಕೊರಕಲಿನಲ್ಲಿ ಬೆಟ್ಟ ಬಳಸಿ, ಕೋಲೂರಿಕೊಂಡು ಸುತ್ತಿ ಬರುತ್ತಾನೆ. ಯಾರಾದರೂ ಕೇಳಿದರೆ, ಆ ಕಡೆ ನೆರಳಿದೆ ಎನ್ನುತ್ತಾನೆ. ಆ ಕಡೆ ನೆರಳಿಲ್ಲ.

ಮೊನ್ನೆ ಆಲ್ಯಾ ತನ್ನ ಅಂಗಳದಲ್ಲಿ ಕೂತು ಉಣ್ಣೆ ನೂಲುತ್ತ, ಆ ಕೊರಕಲಿನಲ್ಲಿ ಅವನು ಒಂದೊಂದೇ ಹೆಜ್ಜೆ ಇಳಿಯುವುದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನನಗೆ ಹೇಳಿದಳು:

"ನಿಮ್ಮಜ್ಜನಿಗೆ ಹೇಳು. ಆ ಸುತ್ತು ದಾರಿ ಮಂಡಿಗೆ ಒಳ್ಳೇದಲ್ಲ ಅಂತ."

ಹೇಳಿದೆ. ಅವನು ತಲೆ ಎತ್ತದೆ, "ಹೂಂ," ಎಂದ. ನೆನ್ನೆಯೂ ಸುತ್ತು ದಾರಿಯಲ್ಲೇ ಬಂದ.